ಅಕ್ಕ ತಲೆಯಾಡಿಸಿದ್ದಳು

ಯಂತ್ರವನ್ನು ವಾಪಸು ಒಯ್ಯಲು ಪತ್ರಿಕೆಯ ಕಚೇರಿಯಿಂದ ಜನ ಬರುವ ದಿನ ಅಕ್ಕ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟಳು. ಪರರ ವಸ್ತು ಬಂದಾಗ ಹೇಗಿತ್ತೋ ಹಾಗೆಯೇ ಮನೆ ಬಿಡಬೇಕು ಎಂಬುದು ಅವಳ ಕಟ್ಟುನಿಟ್ಟು. ಪರದೆಯ ಗಾಜು, ಅದರ ಹಿಂದಿನ ಗೂನುಬೆನ್ನು, ಪಕ್ಕದ ಪುಟ್ಟ ಡಬ್ಬಿ, ಗೋಡೆಯವರೆಗೆ ಹೋಗುವ ವೈರು, ಎಲ್ಲವನ್ನೂ ಒರೆಸಿದಳು. ಕೀಬೋರ್ಡನ್ನು ಮಾತ್ರ ಮುಟ್ಟಲಿಲ್ಲ. ಅದು ಮಂಚದ ಮೇಲೆ ಅಂಗಾತ ಮಲಗಿದ್ದ ತಮ್ಮನ ಎದೆಯ ಮೇಲಿತ್ತು. ಅವನ ಎರಡು ಕೈಗಳೂ ಅದರ ಮೇಲಿದ್ದವು.

ಅದು ಅವನ ಬಾಯಿ. ಇನ್ನೊಬ್ಬರ ಬಾಯಿಗೆ ಕೈ ಹಾಕುವುದುಂಟೇ ಎಂದು ಅವಳು ಆ ಹಲಗೆಯ ಒಂದು ಕೀಲಿಯನ್ನೂ ಈವರೆಗೆ ಒತ್ತಿದವಳಲ್ಲ.

ನಾಳೆ ಬೆಳಿಗ್ಗೆ ಆಸ್ಪತ್ರೆಯ ಗಾಡಿ ಬರುವುದಿತ್ತು. ತಮ್ಮ ಹಾಲು ಮುಟ್ಟುವುದನ್ನೇ ಬಿಟ್ಟಿದ್ದ. ಚಮಚವನ್ನು ತುಟಿಯ ಬಳಿ ತಂದರೆ ಹಲ್ಲು ಕಚ್ಚಿ ಮುಖ ಬಿಗಿದುಕೊಳ್ಳುತ್ತಿದ್ದ. ಕೆನ್ನೆಗಳು ಒಳಗೆ ಹೋಗಿ ಕಣ್ಣುಗಳು ದೊಡ್ಡವಾಗಿ ಕಾಣುತ್ತಿದ್ದವು. ಡಾಕ್ಟರು ಅಕ್ಕನನ್ನು ಮೆಟ್ಟಿಲ ಬಳಿಗೆ ಕರೆದು ದನಿ ತಗ್ಗಿಸಿ ಹೇಳಿದ್ದರು.

"ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಡಬೇಕಾಗುತ್ತೆ ಅಮ್ಮ. ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಅದನ್ನ ಕಿತ್ತುಹಾಕ್ತಾರೆ. ಅದಕ್ಕೆ ಕೈ ಎರಡನ್ನೂ ಮಂಚಕ್ಕೆ ಕಟ್ಟಿರ್ತೀವಿ. ಮೆತ್ತನೆ ಬಟ್ಟೆಯಲ್ಲೇ ಕಟ್ತೀವಿ, ನೋವಾಗಲ್ಲ."

ಅಕ್ಕ ಜೀವಮಾನವಿಡೀ ಬಟ್ಟೆ ಹೊಲಿದವಳು. ಮೆತ್ತನೆ ಬಟ್ಟೆ ಎಂಬ ಮಾತು ಅಂದಿನಿಂದ ಅವಳ ಕಿವಿಯಲ್ಲಿ ಮುರಿದ ಸೂಜಿಯ ಹಾಗೆ ನಿಂತುಬಿಟ್ಟಿತ್ತು. ಕೈ ಕಟ್ಟಿದ ಮೇಲೆ ಈ ಯಂತ್ರ ಯಾರಿಗೆ ಬೇಕು? ಒಯ್ಯಿರಿ ಎಂದು ಕಚೇರಿಗೆ ತಾನೇ ಹೇಳಿ ಕಳಿಸಿದ್ದಳು. ತಮ್ಮನಿಗೆ ಹೇಳಿರಲಿಲ್ಲ. ಹೇಳಿದರೂ ಅವನಿಗೆ ತಿಳಿಯುವುದಿಲ್ಲ ಎಂದೇ ಅವಳು ನಂಬಿದ್ದಳು.

ತಮ್ಮ ಪತ್ರಿಕೆಯ ಕಚೇರಿಯಲ್ಲಿ ಸುದ್ದಿ ಟೈಪು ಮಾಡುತ್ತಿದ್ದವನು. ಕೀಲಿಯನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಕಣ್ಣು ಕಿಟಕಿಯ ಹೊರಗೆ, ಬೆರಳು ಹಲಗೆಯ ಮೇಲೆ. ತಪ್ಪು ಬಿತ್ತೇ ಎಂದು ಒಮ್ಮೆ ನೋಡಬಾರದೇ ಎಂದರೆ, "ಊಟ ಮಾಡುವಾಗ ನೀವು ತುತ್ತು ಬಾಯಿಗೇ ಹೋಯಿತೇ ಎಂದು ಕನ್ನಡಿ ನೋಡುತ್ತೀರಾ?" ಎಂದು ಕೇಳುತ್ತಿದ್ದನಂತೆ. ನಿವೃತ್ತನಾದ ಮೇಲೆ ಗಂಟಲಲ್ಲಿ ಗಡ್ಡೆ ಬೆಳೆಯಿತು. ಗಡ್ಡೆಯ ಜೊತೆ ದನಿಯನ್ನೂ ಕೊಯ್ದು ತೆಗೆದರು. ಆಮೇಲೆ ಬೆನ್ನುಮೂಳೆ ಸೋತಿತು. ಕತ್ತಿಗೆ ಪಟ್ಟಿ ಹಾಕಿ ಅಂಗಾತ ಮಲಗಿಸಿದರು. ಪೆನ್ನು ಹಿಡಿದರೆ ಬೆರಳು ನಡುಗಿ ಗೀಚಾಗುತ್ತಿತ್ತು. ಕೀಲಿಗಳ ಮೇಲೆ ಇಟ್ಟರೆ ಅದೇ ಬೆರಳು ನಡುಗುತ್ತಿರಲಿಲ್ಲ. ಅದನ್ನು ಕೇಳಿದ ಕಚೇರಿಯವರು ಮೂಲೆಯಲ್ಲಿ ಬಿದ್ದಿದ್ದ, ಪರದೆ ಕೀಬೋರ್ಡುಗಳ ಹಳೆಯ ಟರ್ಮಿನಲ್ಲೊಂದನ್ನು ಕಳಿಸಿಕೊಟ್ಟರು. ತಮ್ಮನ ಮುಖ ಛಾವಣಿಯ ಕಡೆಗೆ, ಪರದೆಯ ಮುಖ ಅಕ್ಕನ ಕುರ್ಚಿಯ ಕಡೆಗೆ. ಅವನು ಒತ್ತುವನು, ಅವಳು ಓದುವಳು.

ಎಷ್ಟು ಚೆನ್ನಾಗಿತ್ತು ಆ ಕಾಲ. ಅವನು ಬರೆದ ಸಾಲನ್ನು ಅವಳು ಗಟ್ಟಿಯಾಗಿ ಓದಿ ಅದಕ್ಕೆ ಉತ್ತರ ಕೊಡುತ್ತಿದ್ದಳು. ಅವನು ಮಾತಾಡುವುದೂ ಪತ್ರಿಕೆಯ ಅಚ್ಚಿನ ಭಾಷೆಯಲ್ಲೇ. "ಇಂದಿನ ಹಾಲಿನಲ್ಲಿ ಹಾಲಿನ ಅಂಶ ವಿರಳವಾಗಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ" ಎಂದು ಪರದೆಯ ಮೇಲೆ ಬರುತ್ತಿತ್ತು. "ಬಲ್ಲ ಮೂಲಗಳಿಗೆ ಹೇಳು, ಬೇಕಾದ್ರೆ ಎದ್ದು ಬಂದು ಕಾಯಿಸಿಕೊಳ್ಳಲಿ" ಎಂದು ಅವಳು ಗದರುತ್ತಿದ್ದಳು. ದನಿಯಿಲ್ಲದ ಅವನ ಎದೆ ನಗೆಯಿಂದ ಕುಲುಕಿ, ಅದರ ಮೇಲಿನ ಕೀಬೋರ್ಡೂ ಕುಲುಕುತ್ತಿತ್ತು.

ಆಮೇಲೆ ಆ ಜ್ವರ ಬಂತು. ಮೈ ಕೆಂಡವಾಗಿ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಇನ್ನಿಲ್ಲ ಎನ್ನುವ ಹಾಗಾಯಿತು. ಉಸಿರಾಟಕ್ಕೆಂದು ಕೊರೆದಿದ್ದ ಗಂಟಲ ರಂಧ್ರಕ್ಕೆ ಹಬೆ ಕೊಡುವ ಯಂತ್ರ ತಂದರು, ಹನಿ ಹನಿಯಾಗಿ ಔಷಧ ಇಳಿಸುವ ಕಂಬ ತಂದರು. ಜ್ವರ ಇಳಿಯಿತು. ತಮ್ಮ ಕಣ್ಣು ಬಿಟ್ಟ, ಕೈ ನೀಡಿದ, ಅಕ್ಕ ಕೀಬೋರ್ಡನ್ನು ಎದೆಯ ಮೇಲಿಟ್ಟಳು. ಪರದೆಯ ಮೇಲೆ ಬಂದದ್ದು ಅಕ್ಷರಗಳಲ್ಲ. ಅಡ್ಡಗೆರೆ, ಉದ್ದಗೆರೆ, ಮೂಲೆ ಮುರಿದ ಚೌಕ, ಕರಿಚುಕ್ಕೆ, ತಲೆಕೆಳಗಾದ ಪ್ರಶ್ನೆಚಿಹ್ನೆ. ಯಾರೋ ಕಿಟಕಿಯ ಕಂಬಿಗಳನ್ನು ಮುರಿದು ರಾಶಿ ಹಾಕಿದಂತಿತ್ತು. ಡಾಕ್ಟರೂ ಬಗ್ಗಿ ನೋಡಿದರು, ನಿಟ್ಟುಸಿರು ಬಿಟ್ಟರು. ಅಷ್ಟು ಜ್ವರಕ್ಕೆ ಹೀಗಾಗುವುದುಂಟು, ಮಿದುಳಿಗೆ ತಾಪ ತಟ್ಟಿರಬೇಕು, ಬೇಜಾರು ಮಾಡಬೇಡಿ, ಅವರಿಗೆ ಬೇಜಾರಾಗದಂತೆ ನೋಡಿಕೊಳ್ಳಿ ಎಂದರು.

ಅಕ್ಕ ಹಾಗೆಯೇ ನೋಡಿಕೊಂಡಳು. ಅವನ ಬೆರಳಾಡಿದಾಗಲೆಲ್ಲ ಪರದೆ ನೋಡಿ, ಓದಿದವಳಂತೆ ನಕ್ಕು, ತಲೆಯಾಡಿಸುತ್ತಿದ್ದಳು. ಅಳು ಬಂದರೆ ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದಳು. ಮನೆಯಲ್ಲಿ ಮಾತಿಲ್ಲವಾಯಿತಲ್ಲ, ಅವನಿಗೆ ಬೇಸರವಾಗದಿರಲಿ ಎಂದು ತಲೆದಿಂಬಿನ ಪಕ್ಕ ರೇಡಿಯೊ ತಂದಿಟ್ಟು ಬೆಳಗಿನಿಂದ ಹಚ್ಚಿಡುತ್ತಿದ್ದಳು. ಅವನು ಅದರತ್ತ ಕೈ ತೋರಿಸಿದರೆ ದನಿ ಸಾಲದೇನೋ ಎಂದು ಇನ್ನಷ್ಟು ಏರಿಸುತ್ತಿದ್ದಳು.

ಮಧ್ಯಾಹ್ನ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ಬಂದವನು ಕಚೇರಿಯ ಯಂತ್ರ ರಿಪೇರಿಯವನು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂ ಬಿಚ್ಚುವ ತಿರುಪುಳಿ ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ತಿರುಪುಳಿಯೇ ಆಗಿದ್ದ. ತಮ್ಮನಿಗಿಂತ ಕಿರಿಯ, ತಲೆಯೆಲ್ಲ ಬೆಳ್ಳಗೆ.

"ಅಕ್ಕ, ನಿಮ್ಮನೆ ಮೆಟ್ಟಿಲು ಹತ್ತೋಷ್ಟರಲ್ಲಿ ಪಾಪ ಎಲ್ಲ ಕಳೀತು ನೋಡಿ. ಮತ್ತೆ ಹೊಸದಾಗಿ ಮಾಡಬೇಕು."

"ಇಳಿಯೋವಾಗ ಮಾಡ್ಕೊಂಡು ಹೋಗಪ್ಪ. ಕೂತ್ಕೋ, ನೀರು ಕೊಡ್ತೀನಿ."

ಅವನು ಮಂಚದ ಬಳಿ ಹೋಗಿ ತಮ್ಮನ ಪಾದ ಹಿಡಿದು ನಿಂತ. ನಗುತ್ತಿದ್ದ ಮುಖ ಸ್ವಲ್ಪ ಸ್ವಲ್ಪವಾಗಿ ಸಪ್ಪಗಾಯಿತು. "ಗುರುವೇ, ಏನಿದು, ನಿಮ್ಮನ್ನ ಯಾರೋ ಒಗೆದು ಹಿಂಡಿ ಒಣಗಿಸಿದ ಹಾಗಿದೆಯಲ್ಲ" ಎಂದ. ತಮ್ಮನ ಕಣ್ಣು ಅವನತ್ತ ಹೊರಳಿತು. ಬೆರಳುಗಳು ಚುರುಕಾಗಿ ಆಡಿದವು. ಪರದೆಯ ಮೇಲೆ ಗೆರೆ, ಚೌಕ, ಚುಕ್ಕೆಗಳ ಒಂದು ಸಾಲು ಓಡಿತು. ಅಕ್ಕ ನೀರಿನ ಲೋಟ ಹಿಡಿದು ಬರುತ್ತಿದ್ದವಳು ರೂಢಿಯ ಮೇಲೆ ಪರದೆ ನೋಡಿ, ನಕ್ಕು, ತಲೆಯಾಡಿಸಿದಳು.

"ಏನಂದ್ರು ಗುರುಗಳು?"

"ಏನೋಪ್ಪ."

"ಮತ್ತೆ ತಲೆ ಆಡಿಸಿದ್ರಲ್ಲ?"

"ಇನ್ನೇನು ಮಾಡ್ಲಿ?" ಎಂದು ಅವಳು ಮೆಲ್ಲಗೆ ಹೇಳಿ ಅಡುಗೆಮನೆಯ ಕಡೆ ಕಣ್ಣು ತೋರಿಸಿದಳು. ಅಲ್ಲಿ ಒಲೆಯ ಪಕ್ಕ ನಿಂತು ಜ್ವರದ ಸಂಗತಿ, ಡಾಕ್ಟರು ಹೇಳಿದ್ದು, ನಾಳೆಯ ನಳಿಕೆ, ಕೈ ಕಟ್ಟುವುದು ಎಲ್ಲವನ್ನೂ ಹೇಳಿದಳು. ತಿರುಪುಳಿ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕೇಳಿಸಿಕೊಂಡ. ಕೊನೆಗೆ ಅವನು ಕೇಳಿದ್ದು ಬೇರೆಯೇ.

"ಆ ರೇಡಿಯೊ ಯಾಕೆ ಅಷ್ಟು ಜೋರಾಗಿದೆ?"

"ಅವನಿಗೆ ಹೊತ್ತು ಹೋಗಲಿ ಅಂತ."

"ಗುರುಗಳಿಗಾ? ಆಫೀಸಲ್ಲಿ ಯಾರಾದ್ರೂ ರೇಡಿಯೊ ಹಾಕಿದ್ರೆ ಪ್ಲಗ್ ಕಿತ್ತು ಜೇಬಲ್ಲಿ ಇಟ್ಕೊಂಡು ಹೋಗ್ತಿದ್ರು. ಅದು ಕೂಗ್ತಿದ್ರೆ ಬೆರಳು ತಪ್ಪುತ್ತೆ ಅಂತಿದ್ರು."

ತಿರುಪುಳಿ ಹೋಗಿ ರೇಡಿಯೊ ಆರಿಸಿದ. ಕೋಣೆ ಒಮ್ಮೆಲೇ ದೊಡ್ಡದಾದಂತಾಯಿತು. ತಮ್ಮ ಕಣ್ಣು ಮುಚ್ಚಿ, ಗಂಟಲ ರಂಧ್ರದಿಂದ ಉದ್ದನೆಯ ಉಸಿರು ಬಿಟ್ಟ. ಆ ಉಸಿರನ್ನು ಅಕ್ಕ ಕೇಳಿದಳು.

ತಿರುಪುಳಿ ವೈರು ಬಿಚ್ಚಲೆಂದು ಪರದೆಯ ಹಿಂದೆ ಬಗ್ಗಿದವನು ಬಿಚ್ಚದೆ ಎದ್ದು ಮುಂದೆ ಬಂದು ಕುರ್ಚಿಯಲ್ಲಿ ಕೂತ. ಗೆರೆಗಳ ಆ ಸಾಲನ್ನೇ ನೋಡುತ್ತ, "ಗುರುವೇ, ಒಂದು ನಿಮಿಷ ನಿಮ್ಮ ಗದ್ದೆಗೆ ನನ್ನ ದನ ನುಗ್ಗಿಸ್ತೀನಿ, ಬೈಬೇಡಿ" ಎಂದು ಕೈ ಚಾಚಿ ಕೀಬೋರ್ಡಿನ ಮೇಲೆ ಒಂದೇ ಬೆರಳಿನಿಂದ ಏನನ್ನೋ ಒತ್ತಿದ.

ಪರದೆಯ ಮೇಲೆ ಮತ್ತೊಂದಿಷ್ಟು ಗೆರೆ, ಒಂದು ಚೌಕ, ಎರಡು ಚುಕ್ಕೆ.

"ಏನು ಬರೆದೆ?" ಎಂದು ಅಕ್ಕ ಕೇಳಿದಳು.

"ನನ್ನ ಹೆಸರು ಅಕ್ಕ." ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಹಾಗಾದ್ರೆ ನನ್ನ ಬುದ್ಧಿನೂ ಕೆಟ್ಟಿರಬೇಕು. ನಾಳೆ ಗಾಡೀಲಿ ನನ್ನನ್ನೂ ಹಾಕ್ಕೊಂಡು ಹೋಗಕ್ಕೆ ಹೇಳಿ."

ಮಾತು ತಮಾಷೆಯದ್ದೇ. ಆದರೆ ಹೇಳಿದವನು ನಗಲಿಲ್ಲ. ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. ತಮ್ಮನ ಬೆರಳುಗಳು ಕೀಲಿಗಳ ಮೇಲೆ ನಿಂತಲ್ಲೇ ನಿಂತಿದ್ದವು. ಅವನು ಛಾವಣಿಯನ್ನು ನೋಡುತ್ತಿದ್ದ. ಆ ಮಾತು ಅವನಿಗೂ ಕೇಳಿಸಿತ್ತು.

"ಇದರ ಪ್ಲಗ್ ಯಾರಾದ್ರೂ ಕಿತ್ತಿದ್ರಾ? ಜ್ವರ ಬಂದಾಗ?"

"ನಾನೇ ಕಿತ್ತೆ. ಹಬೆ ಯಂತ್ರಕ್ಕೆ ಜಾಗ ಬೇಕಿತ್ತು. ಆಮೇಲೆ ನಾನೇ ಮತ್ತೆ ಸಿಕ್ಕಿಸಿದೆ. ದೀಪ ಹತ್ತಿತು, ಸರಿ ಇದೆ ಅಂದ್ಕೊಂಡೆ."

"ಕಿತ್ತಿದ್ದು ತಪ್ಪಲ್ಲ. ನೋಡಿ, ಈ ಪರದೆಗೆ ಅಕ್ಷರ ಅಂದ್ರೆ ಏನೂಂತ ಗೊತ್ತಿಲ್ಲ. ಗುರುಗಳು ಕೀಲಿ ಒತ್ತಿದ್ರೆ ಅಲ್ಲಿಂದ ಒಂದು ಸಂಖ್ಯೆ ಬರುತ್ತೆ. ಈ ಸಂಖ್ಯೆ ಬಂದ್ರೆ ಈ ಅಕ್ಷರ ತೋರಿಸು ಅಂತ ನಾವು ಮೊದಲೇ ಹೇಳಿಟ್ಟಿರ್ತೀವಿ. ಅದನ್ನ ನೆನಪಿಟ್ಟುಕೊಳ್ಳಕ್ಕೆ ಒಳಗೆ ಒಂದು ಸಣ್ಣ ಬ್ಯಾಟರಿ. ಅದು ಯಾವತ್ತೋ ಸತ್ತುಹೋಗಿದೆ. ಕರೆಂಟ್ ಇದ್ದಷ್ಟು ದಿನ ಗೊತ್ತಾಗಲಿಲ್ಲ. ಪ್ಲಗ್ ಕಿತ್ತ ತಕ್ಷಣ ಹೇಳಿಕೊಟ್ಟಿದ್ದೆಲ್ಲ ಮರೆತು, ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗಾಗಿದೆ. ಗುರುಗಳು ಹೇಳ್ತಿರೋದು ಸರಿಯಾಗೇ ಇದೆ. ತೋರಿಸೋದು ಇದರ ತಪ್ಪು."

ಅವನು ಪ್ಲಗ್ ಕಿತ್ತು, ತಿರುಪುಳಿ ತೆಗೆದು ಪರದೆಯ ಬೆನ್ನು ಬಿಚ್ಚತೊಡಗಿದ. ಒಳಗೆ ಹತ್ತಿಯಂಥ ಧೂಳು. ಅದನ್ನು ಊದಿ, ಗುಂಡಿಯಷ್ಟು ಅಗಲದ ಬ್ಯಾಟರಿಯೊಂದನ್ನು ಮೀಟಿ ತೆಗೆದು, ತನ್ನ ಚೀಲದಲ್ಲಿ ಕೈಯಾಡಿಸಿ ಅಂಥದೇ ಇನ್ನೊಂದನ್ನು ಹುಡುಕಿ ಹಾಕಿದ. ಅಕ್ಕ ಗೋಡೆಗೆ ಒರಗಿ ನಿಂತು ನೋಡಿದಳು. ಅವಳಿಗೆ ಸಂತೋಷವಾಗಬೇಕಿತ್ತು. ತಮ್ಮನ ಬುದ್ಧಿ ಕೆಟ್ಟಿಲ್ಲ, ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಆದರೆ ಸಂತೋಷವಾಗಲಿಲ್ಲ. ಅವನು ಅಷ್ಟು ದಿನವೂ ಸ್ವಸ್ಥನಾಗಿದ್ದರೆ, ಅಷ್ಟು ದಿನವೂ ಮಾತಾಡಿದ್ದಾನೆ. ಏನು ಮಾತಾಡಿದ? ತಾನು ಯಾವುದಕ್ಕೆಲ್ಲ ತಲೆಯಾಡಿಸಿದೆ?

ದಿನವೂ ಮುಸ್ಸಂಜೆ ಕಿಟಕಿಯ ಬಳಿ ಕೂತು ಅವಳು ದೇವರಲ್ಲಿ ಹೇಳಿಕೊಳ್ಳುತ್ತಿದ್ದಳು. ಅವನು ಕೇಳಿಸಿಕೊಂಡ, ಒಪ್ಪಿಕೊಂಡ ಎಂಬ ಭಾವನೆಯಿಂದ ಎದ್ದು ಬರುತ್ತಿದ್ದಳು. ತನ್ನ ಮಾತೂ ಅಲ್ಲಿಗೆ ಹೀಗೆ ಗೆರೆ ಚೌಕಗಳಾಗಿಯೇ ತಲುಪಿದ್ದು, ದೇವರೂ ಬರಿದೇ ದಯೆಯಿಂದ ತಲೆಯಾಡಿಸಿದ್ದರೆ? ಆ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಭಯವಾಯಿತು. ತಪ್ಪಾಯಿತು ಸ್ವಾಮಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

"ಹಿಂದೆ ಬರೆದಿದ್ದೆಲ್ಲ ಈಗ ಓದಬಹುದಾ?" ಎಂದು ಕೇಳಿದಳು.

"ಇಲ್ಲ ಅಕ್ಕ. ಇದು ಏನನ್ನೂ ಇಟ್ಟುಕೊಳ್ಳಲ್ಲ. ಕೆಳಗೆ ಹೊಸ ಸಾಲು ಬಂದ್ರೆ ಮೇಲಿನ ಸಾಲು ಹೋಗುತ್ತೆ. ಹೋಗಿದ್ದು ಹೋಯ್ತು."

ಒಂದು ಕ್ಷಣ ಅವಳಿಗೆ ನೆಮ್ಮದಿಯಾಯಿತು. ಮರುಕ್ಷಣವೇ ಆ ನೆಮ್ಮದಿಗೆ ನಾಚಿಕೆಯಾಯಿತು.

ತಿರುಪುಳಿ ಪರದೆಯ ಬೆನ್ನು ಮುಚ್ಚಿ, ಪ್ಲಗ್ ಸಿಕ್ಕಿಸಿ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದ. ಪರದೆಯ ತಳದಲ್ಲಿ ಸಣ್ಣದೊಂದು ಪಟ್ಟಿ ತೆರೆಯಿತು. ಅದರಲ್ಲಿ ಒಂದೊಂದನ್ನೇ ಬದಲಿಸುತ್ತ ಹೋದ. ಮೊದಲ ಸಲ ಗೆರೆಗಳು ಹೋಗಿ ಅಕ್ಷರಗಳು ಬಂದವು, ಆದರೆ ಕೊಂಬುಗಳು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿದ್ದವು, ಒತ್ತುಗಳು ಕೆಳಗಿಳಿಯದೆ ಸಾಲಿನಲ್ಲೇ ಕೂತಿದ್ದವು. ಸಂತೆಯಲ್ಲಿ ಮಕ್ಕಳು ಬೇರೆಯವರ ಕೈ ಹಿಡಿದು ನಿಂತಂತಿತ್ತು. "ಇವಕ್ಕೆ ಅವರವರ ಅಮ್ಮಂದಿರನ್ನ ಹುಡುಕಿಕೊಡಬೇಕು" ಎಂದು ಗೊಣಗುತ್ತ ಅವನು ಮತ್ತೆ ಪಟ್ಟಿ ತೆರೆದ. ಇನ್ನೊಂದು ಸಲ ಹೆಸರು ಒತ್ತಿದ. ಈ ಸಲ ಪರದೆಯ ಮೇಲೆ ಅವನ ಹೆಸರು ಅಚ್ಚಿನ ಹಾಗೆ ನೆಟ್ಟಗೆ ನಿಂತಿತು.

"ಆಯ್ತು ಗುರುವೇ. ಈಗ ಬೈರಿ, ಬೈದಿದ್ದು ಕಾಣುತ್ತೆ."

ಗೋಡೆಗಡಿಯಾರದ ಸದ್ದು ಎಷ್ಟೋ ದಿನಗಳ ಮೇಲೆ ಆ ಕೋಣೆಯಲ್ಲಿ ಕೇಳಿಸಿತು. ಆಮೇಲೆ ತಮ್ಮನ ಬೆರಳಾಡಿತು, ಕಿಟಕಿಯ ಹೊರಗೆ ನೋಡುತ್ತ ಸುದ್ದಿ ಹೊಡೆಯುತ್ತಿದ್ದಾಗಿನ ವೇಗದಲ್ಲಲ್ಲ, ಒಂದೊಂದೇ.

"ಎಂದಿನಿಂದ ಕಾಣುತ್ತಿರಲಿಲ್ಲ?"

ಅಕ್ಕ ಓದಿದಳು. ನಿಜವಾಗಿ ಓದಿದಳು.

"ಜ್ವರ ಬಿಟ್ಟ ದಿನದಿಂದ."

"ನೀನು ತಲೆಯಾಡಿಸುತ್ತಿದ್ದೆ."

"ಆಡಿಸ್ತಿದ್ದೆ ಕಣೋ. ನಿನಗೆ ಬೇಜಾರಾಗದೆ ಇರಲಿ ಅಂತ. ನಿನ್ನ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

ತಿರುಪುಳಿ ನೆಲದ ಮೇಲೆ ಕೂತು ತನ್ನ ಚೀಲದ ಬಾಯಿ ಕಟ್ಟುತ್ತಿದ್ದ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ರೇಡಿಯೊ ಆರಿಸು ಎಂದೆ. ನೀನು ನಕ್ಕು ದನಿ ಹೆಚ್ಚಿಸಿದೆ. ಮರುದಿನವೂ ಹಾಗೆಯೇ. ನನ್ನ ಮಾತು ನಿನಗೆ ಸಾಕಾಗಿದೆ, ಅದಕ್ಕೇ ಅದನ್ನು ಕೂಗಿಸುತ್ತಿದ್ದೀಯೆ ಎಂದುಕೊಂಡೆ. ನೀನು ಓದಿ ಹೇಳುವುದನ್ನೂ ಬಿಟ್ಟಿದ್ದೆ."

"ಅಯ್ಯೋ ದೇವರೇ" ಎಂದಳು ಅಕ್ಕ.

"ನಿನ್ನನ್ನು ದೂರಲಿಲ್ಲ. ವಯಸ್ಸಾದವಳು, ಸೋತಿದ್ದಾಳೆ ಎಂದುಕೊಂಡೆ. ಆದ್ದರಿಂದ ಕೇಳಿದೆ."

"ಏನು ಕೇಳಿದೆ?"

ಅವನು ಬರೆದ. ಅದು ಒಂದೇ ಸಣ್ಣ ಸಾಲು.

"ಅಕ್ಕ, ಹೊರಡಲಾ?"

ತಿರುಪುಳಿಗೆ ಆ ಮಾತು ಅರ್ಥವಾಗಲಿಲ್ಲ. "ಎಲ್ಲಿಗೆ ಗುರುವೇ?" ಎಂದ. ಅಕ್ಕ ಮಾತ್ರ ಕುರ್ಚಿ ಎಳೆದು ಅದರ ತುದಿಯಲ್ಲಿ ಕೂತಳು.

ತಾಯಿ ತೀರಿಕೊಂಡಾಗ ಅವನು ಇನ್ನೂ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಾರದ ಕೂಸು. ಬೆಳೆಸಿದವಳು ಅವಳು. ಬೆಳಗಿನಿಂದ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದಳು, ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು. ಮಾತಾಡಲು ಬಾಯಿ ಬಿಡುವ ಹಾಗಿರಲಿಲ್ಲ. ಅವನು ಆಟಕ್ಕೆ ಹೋಗುವಾಗ, ಶಾಲೆಗೆ ಹೋಗುವಾಗ, ದೊಡ್ಡವನಾಗಿ ಕೆಲಸಕ್ಕೆ ಹೋಗುವಾಗಲೂ ಹೊಸ್ತಿಲಲ್ಲಿ ನಿಂತು, ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸುತ್ತ, "ಅಕ್ಕ, ಹೊರಡ್ಲಾ?" ಎಂದು ಕೇಳುತ್ತಿದ್ದ. ಅವಳು ಬಟ್ಟೆಯಿಂದ ಕಣ್ಣೆತ್ತಿ ತಲೆಯಾಡಿಸುತ್ತಿದ್ದಳು. ಅವಳು ಆಡಿಸದೆ ಅವನು ಹೊಸ್ತಿಲು ದಾಟಿದವನಲ್ಲ. ತಲೆಗೂದಲು ನರೆತ ಮೇಲೂ ದಾಟಿದವನಲ್ಲ. ಜೊತೆಯವರು ನಗಾಡಿದರೆ, "ನಮ್ಮಕ್ಕನ ತಲೆಯಾಡಿಸುವಿಕೆ ನನಗೆ ರಹದಾರಿ" ಎನ್ನುತ್ತಿದ್ದ.

"ನೀನು ತಲೆಯಾಡಿಸಿದೆ," ಎಂದು ಪರದೆಯ ಮೇಲೆ ಬಂತು. "ನಕ್ಕೆ. ಹೊದಿಕೆ ಎಳೆದು ಸರಿಮಾಡಿದೆ. ನನಗೂ ಹಗುರವಾಯಿತು. ಅಂದಿನಿಂದ ಹಾಲು ಬಿಟ್ಟೆ. ನೀನು ಒಪ್ಪಿಯೂ ಚಮಚ ತರುತ್ತಿದ್ದೆ. ಮನಸ್ಸು ತಡೆಯದೆ ತರುತ್ತೀಯೆ ಎಂದುಕೊಂಡು ಬಾಯಿ ಬಿಗಿದೆ."

ತಿರುಪುಳಿ ಅಷ್ಟನ್ನೂ ಓದಿ, ಎದ್ದು, ಕಿಟಕಿಯ ಬಳಿ ಹೋಗಿ ಬೆನ್ನು ಮಾಡಿ ನಿಂತುಬಿಟ್ಟ. ಕೆಳಗಿನ ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಆಯಿತು.

ಅಕ್ಕನಿಗೆ ಆ ದಿನ ಯಾವುದು ಎಂದು ನೆನಪಾಗಲಿಲ್ಲ. ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಅವನ ಜೀವ ಹೊರಡಲು ಅಪ್ಪಣೆ ಕೊಟ್ಟ ದಿನ ಅವಳಿಗೆ ಉಳಿದ ದಿನಗಳ ಹಾಗೆಯೇ ಒಂದು ದಿನವಾಗಿತ್ತು. ಹೊದಿಕೆ ಸರಿಮಾಡಿ ಅಡುಗೆಮನೆಗೆ ಹೋಗಿರಬೇಕು. ಪಾತ್ರೆ ತೊಳೆದಿರಬೇಕು.

ಅವಳು ಮಂಚದ ಮೇಲೆ ಬಾಗಿ, ಅವನ ಕಣ್ಣಿಗೆ ತನ್ನ ಮುಖ ಕಾಣುವ ಹಾಗೆ ನಿಂತಳು. ಅವನ ಕಣ್ಣಿನ ಕೊನೆಯಿಂದ ಕಿವಿಯವರೆಗೆ ಒದ್ದೆಯ ಗೆರೆಯೊಂದಿತ್ತು.

"ಅವತ್ತು ನಾನು ತಲೆ ಆಡಿಸಿದ್ದು ನಿನ್ನ ಮಾತಿಗಲ್ಲ. ಅದನ್ನ ನನಗೆ ವಾಪಸ್ ಕೊಡು."

ಬೆರಳುಗಳು ಆಡಿದವು. ಅವಳು ಪರದೆಯ ಕಡೆ ತಿರುಗಿ ಓದಿದಳು.

"ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ದರ್ಜಿಯನ್ನು ಕಂಡಿರಲಿಲ್ಲ."

"ಅಳತೆ ತಪ್ಪಿದ್ರೆ ಕೇಳ್ಲೇಬೇಕು. ನಾನು ಅಳತೆ ತಗೊಳ್ದೇ ಕತ್ತರಿ ಹಾಕಿದೀನಿ. ಕೊಡು."

ಅವನು ಬರೆದ: "ಕೊಟ್ಟೆ."

ಅಕ್ಕ ಉಸಿರು ಬಿಟ್ಟಳು. ಆದರೆ ಸಾಲು ಅಲ್ಲಿಗೆ ನಿಲ್ಲಲಿಲ್ಲ.

"ಆದರೆ ಈಗ ಪರದೆ ಸರಿಯಾಗಿದೆ. ಆದ್ದರಿಂದ ಇನ್ನೊಮ್ಮೆ ಕೇಳುತ್ತೇನೆ. ನೋವು ಬಹಳ ಇದೆ. ಓದಿ ಹೇಳು. ಅಕ್ಕ, ಹೊರಡಲಾ?"

ಅಷ್ಟು ದಿನ ಕೋಲೆಬಸವನ ಹಾಗೆ ಆಡಿದ ಅವಳ ಕತ್ತು ಈಗ ಆ ಕಡೆಗೂ ಆಡಲಿಲ್ಲ, ಈ ಕಡೆಗೂ ಆಡಲಿಲ್ಲ. ಅವಳು ತನ್ನ ಗದ್ದವನ್ನು ಕೈಯಿಂದ ಹಿಡಿದುಕೊಂಡಳು, ತಾನಾಗಿ ಅಲುಗಿಬಿಟ್ಟರೆ ಎಂಬ ಹೆದರಿಕೆಯಿಂದ. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ, ಮಾತಾಡಬಹುದಿತ್ತು.

"ಬೇಡ ಅಂದ್ರೆ ನಿನ್ನ ನೋವು ನಾನು ಹೊರೋಕಾಗಲ್ಲ. ಹೂಂ ಅನ್ನೋಕೆ ನಾನು ಯಾರು? ಕರೆಸಿಕೊಳ್ಳೋನು ಮೇಲಿದ್ದಾನೆ, ಅವನನ್ನ ಕೇಳ್ಬೇಕು. ನಾನೂ ಕೇಳ್ತೀನಿ. ಅಲ್ಲೀತನಕ ನನ್ನ ಕತ್ತು ನೋಡ್ಬೇಡ ಕಣೋ, ಅದನ್ನ ನಂಬಬೇಡ." ಅವಳ ದನಿ ಒಡೆಯಿತು. "ನಾಳೆ ಗಾಡಿ ಬರುತ್ತೆ. ನಿನ್ನ ಕೈ ಕಟ್ತಾರಂತೆ. ಅದಕ್ಕೆ ಮಾತ್ರ ನಾನು ಬಿಡಲ್ಲ. ಅದೊಂದು ನನಗೆ ಗೊತ್ತು."

ಕೈ ಕಟ್ಟುವ ಸುದ್ದಿ ಅವನಿಗೆ ಹೊಸದು. ಹತ್ತು ಬೆರಳೂ ಹಲಗೆಯ ಮೇಲೆ ಒಮ್ಮೆ ಬಿಗಿದವು. ಪರದೆಯ ಮೇಲೆ ಅರ್ಥವಿಲ್ಲದ ಒಂದಿಷ್ಟು ಅಕ್ಷರ ಚೆಲ್ಲಿದವು. ಅವನು ಅವನ್ನು ಒಂದೊಂದಾಗಿ ಅಳಿಸಿ, ಬರೆದ.

"ನಿನ್ನ ಉತ್ತರ ಬರುವವರೆಗೆ ಹಾಲು ಕುಡಿಯುತ್ತೇನೆ. ಡಾಕ್ಟರಿಗೆ ಈ ಸಾಲು ತೋರಿಸು."

ತಿರುಪುಳಿ ಕಿಟಕಿಯಿಂದ ಮುಖ ಒರೆಸಿಕೊಳ್ಳುತ್ತ ಬಂದ. ಯಂತ್ರ ಒಯ್ಯಲು ತಂದ ಗಾಡಿ ಕೆಳಗೆ ಕಾಯುತ್ತಿದೆ ಎಂದು ಹೇಳಬೇಕಾದವನು ಅದನ್ನು ಹೇಳಲಿಲ್ಲ. ಮೇಜನ್ನು ಮಂಚದ ಪಕ್ಕಕ್ಕೆ ತಳ್ಳಿ, ಪರದೆಯ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು, ಅದರ ಮುಖವನ್ನು ಓರೆಯಾಗಿ ತಿರುಗಿಸಿದ. ಕತ್ತು ಅಲುಗಿಸದೆ ಕಣ್ಣು ಹೊರಳಿಸಿದರೆ ತಮ್ಮನಿಗೂ ಕಾಣುವ ಹಾಗೆ. "ಕನ್ನಡಿ ನೋಡ್ಕೊಂಡು ಊಟ ಮಾಡಲ್ಲ ಅಂತಿದ್ರಿ ಗುರುವೇ. ಇನ್ಮೇಲೆ ಸ್ವಲ್ಪ ನೋಡ್ಕೊಳ್ಳಿ" ಎಂದ. ಕಚೇರಿಯಲ್ಲಿ ಕೇಳಿದರೆ ಯಂತ್ರ ಕೆಟ್ಟಿದೆ, ತರುವ ಸ್ಥಿತಿಯಲ್ಲಿಲ್ಲ ಎಂದು ಹೇಳುತ್ತೇನೆ, ಆ ಸುಳ್ಳು ನನ್ನ ಲೆಕ್ಕಕ್ಕಿರಲಿ ಎಂದು ಅಕ್ಕನಿಗೆ ಹೇಳಿ ಮೆಟ್ಟಿಲಿಳಿದು ಹೋದ.

ಅಕ್ಕ ಹಾಲು ಕಾಯಿಸಿ ತಂದಳು. ಚಮಚ ತುಟಿಗೆ ತಾಗಿಸಿದಳು. ತುಟಿ ತೆರೆಯಿತು. ನುಂಗುವಾಗ ಅವನ ಹುಬ್ಬುಗಳ ನಡುವೆ ನೋವು ಗಂಟಾಗಿ ಮೂಡಿ ಮರೆಯಾಯಿತು. ಅವಳು ಎರಡನೆಯ ಚಮಚ ಎತ್ತಿದಳು. ಬೆರಳಾಡಿತು. ಅವಳು ಚಮಚವನ್ನು ಗಾಳಿಯಲ್ಲೇ ಹಿಡಿದು ಪರದೆ ನೋಡಿ ಗಟ್ಟಿಯಾಗಿ ಓದಿದಳು.

"ಬಿಸಿ ಹೆಚ್ಚಾಗಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ."

ಊದಿ ಆರಿಸಿ ಕೊಟ್ಟಳು. ನಾಳೆ ಡಾಕ್ಟರು ಬಂದಾಗ ಇಲ್ಲಿ ಕೂರಿಸಬೇಕು, ಇದೇ ಕುರ್ಚಿಯಲ್ಲಿ, ಅವನು ಬರೆದದ್ದನ್ನು ಅವರೇ ಓದಬೇಕು ಎಂದುಕೊಂಡಳು. ಅವರು ಗಾಡಿಯನ್ನು ವಾಪಸು ಕಳಿಸಬಹುದು, ಕಳಿಸದಿರಬಹುದು. ನೋವು ಕಡಿಮೆಯಾಗಲಿಕ್ಕೆ ಏನಾದರೂ ಕೊಡುತ್ತಾರೋ ಕೇಳಬೇಕು. ಇಷ್ಟು ದಿನ ಅದನ್ನೂ ಕೇಳಿರಲಿಲ್ಲ.

ಪರದೆಯ ಮೇಲೆ ಹೊರಡಲಾ ಎಂಬ ಆ ಪ್ರಶ್ನೆ ಇನ್ನೂ ಇತ್ತು. ಕೆಳಗೆ ಹೊಸ ಸಾಲು ಬಂದಂತೆಲ್ಲ ಅದು ಒಂದೊಂದು ಮೆಟ್ಟಿಲು ಮೇಲೇರುತ್ತಿತ್ತು. ಅವನು ಹಾಲಿನ ಬಗ್ಗೆ ಬರೆದ, ತಿರುಪುಳಿಯ ನರೆತ ತಲೆಯ ಬಗ್ಗೆ ಬರೆದ, ರೇಡಿಯೊವನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಬರೆದ. ಪ್ರಶ್ನೆ ಗಾಜಿನ ಮೇಲಂಚಿಗೆ ಬಂದು ಮುಟ್ಟಿತು. ಇನ್ನೊಂದೇ ಸಾಲು ಬಂದರೆ ಅದು ಹೋಗುತ್ತದೆ. ಹೋದದ್ದು ಹೋಯಿತು ಎಂದು ತಿರುಪುಳಿ ಹೇಳಿದ್ದ.

"ಏನಾದ್ರೂ ಹೇಳೋ" ಎಂದಳು ಅಕ್ಕ.

ತಮ್ಮನ ಕಣ್ಣು ಪರದೆಯ ಕಡೆ ಹೊರಳಿತು. ಮೇಲಂಚಿನ ಆ ಸಾಲನ್ನು ಅವನೂ ಕಂಡ. ಬೆರಳುಗಳನ್ನು ಕೀಲಿಗಳಿಂದ ಎತ್ತಿ ಹೊದಿಕೆಯ ಮೇಲೆ ಇಟ್ಟುಕೊಂಡು, ಬಾಯಿ ತೆರೆದು ಮುಂದಿನ ಚಮಚಕ್ಕೆ ಕಾದ.